ಹಸಿರು ಮೂಳೆ

ಮಾರ್ಚ್ 4, ಸೋಮವಾರ. ಕ್ವಿಟೊ

ಬೆಳಗಿನಿಂದ ಕಪ್ಪೆಗಳ ಜಾರ್‌ಗಳಿಗೆ ಆಲ್ಕೋಹಾಲ್ ತುಂಬಿಸುವ ಕೆಲಸ. ಏಳನೆಯ ಕಪಾಟು ಮುಗಿಯಿತು, ಇನ್ನೂ ಹತ್ತೊಂಬತ್ತಿವೆ. ಮುಚ್ಚಳದ ರಬ್ಬರ್ ಹಳತಾಗಿ ಎಲ್ಲ ಆರಿಹೋಗುತ್ತದೆ. ಹೊಸ ಮುಚ್ಚಳ ಕೇಳಿ ಎರಡು ವರ್ಷ. ಈ ಮ್ಯೂಸಿಯಂನಲ್ಲಿ ಕಪ್ಪೆಗಳಿಗಿಂತ ಅರ್ಜಿಗಳೇ ಹೆಚ್ಚು ಕಾಲ ಕೆಡದೆ ಉಳಿಯುತ್ತವೆ.

ಹನ್ನೊಂದಕ್ಕೆ ಡೈರೆಕ್ಟರ್ ಕರೆದರು. ಇಬಾರ್ರಾ ಕೋರ್ಟಿನಿಂದ ಪತ್ರ. ಪಾಲ್ಮಿತಾಲ್ ಊರಿನ ನೀರಿನ ಸಮಿತಿ ತಾಮ್ರದ ಗಣಿಯ ಮೇಲೆ ಹಾಕಿದ ಕೇಸು. ಐದು ವರ್ಷದ ಹಿಂದೆ ಸಿಕ್ಕ ತಡೆಯಾಜ್ಞೆ ನಿಂತಿರುವುದೇ ವೆರ್ದೋಸೊ ಗಾಜುಗಪ್ಪೆಯ ಮೇಲೆ — ಪ್ರಪಂಚದಲ್ಲಿ ಆ ಊರಿನ ವೆರ್ದೋಸೊ ಹೊಳೆ ಬಿಟ್ಟರೆ ಬೇರೆಲ್ಲೂ ಇಲ್ಲ ಎಂದು. ಈಗ ಕಂಪನಿಯ ವಕೀಲರು ಹೇಳುತ್ತಾರೆ, ಅದು ಬೇರೆ ಜಾತಿಯೇ ಅಲ್ಲ. 1974ರಲ್ಲಿ ಉತ್ತರದ ಗ್ವಾದುವಾಲ್ ಕಣಿವೆಯಲ್ಲಿ ಸಿಕ್ಕು, ಆಗಲೇ ಹೆಸರು ಪಡೆದ ಕಪ್ಪೆಯೇ ಇದು ಎಂದು. ಎರಡೂ ಒಂದೋ, ಬೇರೆ ಬೇರೆಯೋ — ಏಪ್ರಿಲ್ 24ಕ್ಕೆ ಮ್ಯೂಸಿಯಂ ಹೇಳಬೇಕು.

"ನೀವೇ ನೋಡ್ಬಿಡಿ ಒಲಿಂಪಿಯಾ," ಅಂದರು.

"ವೆರ್ದೋಸೊ ಕಪ್ಪೆಗೆ ಹೆಸರಿಟ್ಟೋಳೇ ನಾನು ಸರ್. ನನ್ನ ಪೇಪರ್‌ನ ನಾನೇ ತಿದ್ದೋದಾ?"

"ಮತ್ಯಾರಿದಾರೆ ಹೇಳಿ? ಈ ದೇಶದಲ್ಲಿ ಗಾಜುಗಪ್ಪೆ ಗೊತ್ತಿರೋರೆಲ್ಲ ಒಂದೇ ಟ್ಯಾಕ್ಸೀಲಿ ಕೂರಬಹುದು. ಅದರಲ್ಲೂ ಇಬ್ಬರು ಮಾತು ಬಿಟ್ಟಿದಾರೆ."

ಆ ಇಬ್ಬರಲ್ಲಿ ಒಬ್ಬಳು ನಾನು. ಪತ್ರ ತೆಗೆದುಕೊಂಡು ಬಂದೆ.

ಮಾರ್ಚ್ 6

ಗ್ವಾದುವಾಲ್‌ನವು ನಾಲ್ಕು. ವೆರ್ದೋಸೊದವು ಒಂಬತ್ತು. ಟ್ರೇಯಲ್ಲಿ ಸಾಲಾಗಿ ಮಲಗಿಸಿದೆ. ಕಾಲಿಗೆ ಕಟ್ಟಿದ ನಂಬರ್ ಚೀಟಿ ಮಗುಚಿಟ್ಟು ಅಳತೆ — ನನಗೆ ನಾನೇ ಮೋಸ ಮಾಡಿಕೊಳ್ಳಬಾರದಲ್ಲ. ಮೂತಿಯಿಂದ ಹಿಂಬದಿವರೆಗೆ ಮಿಲಿಮೀಟರ್‌ನಲ್ಲಿ 24.1, 23.8, 24.6... ಕಣ್ಣಿನ ಅಗಲ. ಬೆರಳ ನಡುವಿನ ಪೊರೆ. ಗಂಡಿನ ತೋಳಿನ ಮುಳ್ಳು. ಮೂರು ಗಂಟೆಯ ಹೊತ್ತಿಗೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ.

ಡಿಎನ್‌ಎ ಆಸೆ ಇಲ್ಲ. ಗ್ವಾದುವಾಲ್‌ನವು ಐವತ್ತು ವರ್ಷದ ಹಿಂದೆ ಫಾರ್ಮಾಲಿನ್‌ನಲ್ಲಿ ನೆನೆದವು. ಎರಡು ಸಲ ಪ್ರಯತ್ನ ಆಗಿದೆ, ಏನೂ ಬಂದಿಲ್ಲ.

ಹನ್ನೊಂದು ವರ್ಷದ ಹಿಂದೆ ಬೇರೆ ಜಾತಿ ಎಂದು ಬರೆದದ್ದು ಒಂದೇ ಒಂದು ವ್ಯತ್ಯಾಸ ಹಿಡಿದು. ಮೂಳೆ. ಜೀವಂತ ವೆರ್ದೋಸೊ ಕಪ್ಪೆಯ ಮೂಳೆ ಹಸಿರು. ಗಾಜಿನಂಥ ಚರ್ಮದೊಳಗಿಂದ ಕಾಣುತ್ತದೆ, ಕಣ್ಣಾರೆ ನೋಡಿದ್ದೇನೆ. ಗ್ವಾದುವಾಲ್ ಕಪ್ಪೆಯದು ಬಿಳಿ. ಅದನ್ನು ನೋಡಿದವಳು ನಾನಲ್ಲ. ಜಾರಿನ ದಾಖಲೆ ಕಾರ್ಡಿನಲ್ಲಿದೆ: "ಜೀವಂತವಿದ್ದಾಗಿನ ಬಣ್ಣ — ಮೂಳೆ ಬಿಳಿ." ಆ ಕಪ್ಪೆ ಹಿಡಿದ ಡಾಕ್ಟರ್ ಅರಿಸ್ತಿದೆಸ್ ಅವರ ಅಕ್ಷರ. ನನ್ನ ಗುರುಗಳು.

ಜಾರಿಗೆ ಹಾಕಿದ ಮೇಲೆ ಹಸಿರೆಲ್ಲ ಹೋಗುತ್ತದೆ, ಮೈಯದೂ ಮೂಳೆಯದೂ. ನನ್ನ ಒಂಬತ್ತರ ಮೂಳೆಯೂ ಈಗ ಬಿಳಿ. ಗೊತ್ತಿಲ್ಲದ್ದೇನಲ್ಲ, ಮೊದಲ ವರ್ಷದ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡುವ ಪಾಠ. ಅದಕ್ಕೇ ಜಾರನ್ನು ಬಿಟ್ಟು ಕಾರ್ಡನ್ನು ನಂಬಿದ್ದು.

ಮಾರ್ಚ್ 11

ಡಾಕ್ಟರ ಫೀಲ್ಡ್ ಪುಸ್ತಕಗಳನ್ನು ಕೆಳಗಿಳಿಸಿದೆ. ಕಪ್ಪೆ ಹಿಡಿದ ದಿನ ಅಲ್ಲೇ ಹೊಳೆಯ ದಂಡೆಯಲ್ಲಿ ಬಣ್ಣ ಬರೆದಿಡುವ ಪುಸ್ತಕ, ಕಾರ್ಡಿಗೆ ಇಳಿಸುವುದು ಅದರಿಂದಲೇ. ಒಂಬತ್ತು, ಹತ್ತು, ಹನ್ನೊಂದು... ಹದಿಮೂರು. ಹನ್ನೆರಡು ಇಲ್ಲ. 1974 ಇರಬೇಕಾದದ್ದು ಹನ್ನೆರಡರಲ್ಲಿ.

ಕಪಾಟನ್ನು ಇನ್ನೊಮ್ಮೆ ಹುಡುಕಿದೆ. ಊಟ ಬಿಟ್ಟೆ.

ಸಂಜೆ ದೊನ್ಯಾ ಸೊಯ್ಲಾ ಅವರಿಂದ ವಾಯ್ಸ್ ಮೆಸೇಜ್. ಪಾಲ್ಮಿತಾಲ್ ನೀರಿನ ಸಮಿತಿಯ ಅಧ್ಯಕ್ಷೆ, ಕೇಸು ಹಾಕಿದವರು ಅವರೇ. "ಡಾಕ್ಟರಮ್ಮ, ರಿಪೋರ್ಟು ನಿಮ್ಮ ಕೈಲಿದೆಯಂತೆ. ವಕೀಲರು ಹೇಳಿದ್ರು. ಎಷ್ಟೋ ದಿನ ಆದ್ಮೇಲೆ ನಿನ್ನೆ ನೆಮ್ಮದಿಯಾಗಿ ಕಣ್ಣು ಮುಚ್ಚಿದೆ ಕಣ್ರೀ." ಹಿಂದೆ ಕೋಳಿಗಳ ಗಲಾಟೆ.

ಎರಡು ಸಲ ಕೇಳಿ ಫೋನ್ ಮಗುಚಿಟ್ಟೆ.

ಮಾರ್ಚ್ 17, ಭಾನುವಾರ

ಡಾಕ್ಟರ ಮನೆಗೆ ಹೋಗಿದ್ದೆ. ಎಂಬತ್ನಾಲ್ಕು. ಕಿವಿ ಮಂದ, ತಲೆ ಮಾತ್ರ ಚುರುಕು. ಕಾಫಿ ತಾವೇ ಮಾಡುವ ಹಟ, ಅರ್ಧ ತಟ್ಟೆಗೆ, ಅರ್ಧ ಲೋಟಕ್ಕೆ.

"ಹನ್ನೆರಡನೇ ಪುಸ್ತಕ ಎಲ್ಲಿ ಡಾಕ್ಟರ್?"

ಸಕ್ಕರೆ ಕದಡುತ್ತ ಹೇಳಿದರು. "ಹೊಳೇಲಿ ಹೋಯ್ತು ಮಗಳೇ. ವಾಪಸ್ ಬರೋವಾಗ ಹೇಸರಗತ್ತೆ ಜಾರ್ತು. ಕತ್ತೆ ಸಿಕ್ತು, ಜಾರ್ ಸಿಕ್ತು. ಪುಸ್ತಕ ಸಿಗಲಿಲ್ಲ."

"ಹಾಗಾದ್ರೆ ಕಾರ್ಡು?"

"ಅಕ್ಟೋಬರ್‌ನಲ್ಲಿ ಬರೆದೆ. ಇಲ್ಲೇ ಮ್ಯೂಸಿಯಂನಲ್ಲಿ ಕೂತು."

"ಯಾವುದನ್ನ ನೋಡಿ?"

"ಜಾರ್ ನೋಡಿ."

ಕಾರ್ಡಿನಲ್ಲಿ 'ಜೀವಂತವಿದ್ದಾಗಿನ ಬಣ್ಣ' ಎಂಬ ಸಾಲು ಅಚ್ಚಾಗಿಯೇ ಬರುತ್ತದೆ. ಆಗಿನ ಡೈರೆಕ್ಟರ್ ಹಳೇ ಮಿಲಿಟರಿ ಮನುಷ್ಯ, ಒಂದು ಸಾಲು ಖಾಲಿ ಬಿಟ್ಟರೂ ಇಡೀ ಕಟ್ಟು ಮುಖಕ್ಕೆ ಎಸೆಯುತ್ತಿದ್ದರಂತೆ. ಅರವತ್ತು ಕಾರ್ಡು ಬಾಕಿ. ಎಂಟು ತಿಂಗಳ ಹಿಂದೆ ಟಾರ್ಚಿನಲ್ಲಿ ನೋಡಿದ್ದ ಬಣ್ಣ ನೆನಪಿಲ್ಲ. ಕಣ್ಣೆದುರಿನ ಜಾರಿನಲ್ಲಿ ಬಿಳಿ ಕಂಡಿತು, ಬಿಳಿ ಎಂದು ಬರೆದರು.

"ನಾನು ಪೇಪರ್ ಬರೆದು ಮೊದಲು ನಿಮಗೇ ತಂದು ತೋರಿಸ್ದೆ. ಆಗ್ಲಾದ್ರೂ ಹೇಳ್ಬಹುದಿತ್ತಲ್ಲ?"

"ಮರೆತಿದ್ದೆ." ಆಮೇಲೆ ಲೋಟ ಕೆಳಗಿಟ್ಟರು. "ಸುಳ್ಳು. ಎರಡನೇ ಪುಟದಲ್ಲೇ ನೆನಪಾಯ್ತು. ಆ ವರ್ಷ ನಿನ್ನ ಕೆಲಸ ಖಾಯಂ ಆಗೋದಿತ್ತು. ನೀನು ಎಷ್ಟು ಖುಷಿಯಾಗಿದ್ದೆ ಅಂದ್ರೆ... ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ನಾಳೆ ಅಂತ ಹನ್ನೊಂದು ವರ್ಷ ಆಯ್ತು."

ಸಿಟ್ಟು ಬರಲಿಲ್ಲ. ಬರಬೇಕಿತ್ತು. ಸುಸ್ತಾಯಿತು, ಅಷ್ಟೇ. ಲೋಟ ತೊಳೆದಿಟ್ಟು ಹೊರಟೆ. ಬಾಗಿಲವರೆಗೆ ಬಂದರು.

"ಗ್ವಾದುವಾಲ್‌ನದೂ ಹಸಿರೇ ಇರ್ಬೇಕು ಅಂತೇನಿಲ್ಲ ಮಗಳೇ. ಹೋಗಿ ನೋಡು."

"ಈ ನೋಯೋ ಮಂಡಿ ಇಟ್ಕೊಂಡು ಹೊಳೆ ಇಳಿಯೋದಾ ಡಾಕ್ಟರ್?" ಎಂದೆ. ನಕ್ಕರು. ನನಗೆ ನಗು ಬರಲಿಲ್ಲ.

ಮಾರ್ಚ್ 29, ಶುಭ ಶುಕ್ರವಾರ

ಅಕ್ಕನ ಮನೆಯಲ್ಲಿ ಫನೆಸ್ಕಾ, ಈ ದಿನದ ಗಟ್ಟಿ ಸಾರು. ಹನ್ನೆರಡು ಕಾಳು, ಉಪ್ಪುಮೀನು, ಎರಡು ದಿನದ ಬೇಯಿಸಾಟ. ಪ್ರತಿ ವರ್ಷದಂತೆ ಹೊಟ್ಟೆ ಬಿರಿಯೆ ತಿಂದೆ. ಅಕ್ಕ ಮುಖ ನೋಡಿ, "ಏನೇ, ಕಪ್ಪೆ ಸತ್ತೋದ್ವಾ?" ಎಂದಳು. ಇನ್ನೂ ಇಲ್ಲ ಎಂದೆ.

ಏಪ್ರಿಲ್ 3, ಬುಧವಾರ. ಗ್ವಾದುವಾಲ್

ಫೌಸ್ತೊ ಜತೆ ಬಂದು ಎರಡು ದಿನ. ಮ್ಯೂಸಿಯಂ ಗಾಡಿ ಓಡಿಸುವವನು, ಹದಿನಾರು ವರ್ಷದಿಂದ ನನ್ನ ಜತೆ ಹೊಳೆ ಇಳಿಯುತ್ತಿದ್ದಾನೆ. ಕಪ್ಪೆ ಹುಡುಕುವ ಕಣ್ಣು ನನಗಿಂತ ಚುರುಕು.

ಡಾಕ್ಟರು ಹೇಳಿದ ಕಾಡಿಲ್ಲ. ದಂಡೆಯವರೆಗೂ ಹುಲ್ಲು, ದನ. ಹೊಳೆ ಕದಡಿ ಕಾಫಿಯ ಬಣ್ಣ. ಎರಡು ರಾತ್ರಿ ಎರಡು ಹಗಲು ನಡೆದದ್ದು ಆಯಿತು. ಗಾಜುಗಪ್ಪೆ ಸೊನ್ನೆ. ನೆಲಗಪ್ಪೆ ಬೇಕಾದಷ್ಟು.

ಏಪ್ರಿಲ್ 4

ಸೊನ್ನೆ. ಮಳೆ. ಬಲ ಮಂಡಿ ಊದಿದೆ.

ಸಿಗದಿದ್ದರೆ ರಿಪೋರ್ಟಿನಲ್ಲಿ 'ನಿರ್ಧರಿಸಲು ಸಾಧ್ಯವಾಗಿಲ್ಲ' ಎಂದು ಬರೆಯಬಹುದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಸುಳ್ಳೂ ಅಲ್ಲ. ತಡೆಯಾಜ್ಞೆ ಉಳಿಯುತ್ತದೆ. ಸೊಯ್ಲಾ ಅವರ ಹೊಳೆ ಉಳಿಯುತ್ತದೆ. ನಾನಿಟ್ಟ ಹೆಸರೂ ಉಳಿಯುತ್ತದೆ.

ಕಪ್ಪೆ ಸಿಗದಿರಲಿ ಎಂದು ಹಾರೈಸಿದೆ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಹೀಗೆ ಹಾರೈಸಿದ್ದು ಇದೇ ಮೊದಲು. ನಾಚಿಕೆಯಾಯಿತು. ಮತ್ತೂ ಹಾರೈಸಿದೆ.

ಏಪ್ರಿಲ್ 5, ಮಧ್ಯಾಹ್ನ

ಬೆಳಿಗ್ಗೆ ಸಾಮಾನು ಗಾಡಿಗೆ ತುಂಬಿ ಆಗಿತ್ತು. ಫೌಸ್ತೊ ಕಾಲುಮಡಿಯಲು ಹೋದವನು ಬಂದು ಹೇಳಿದ, ಮೇಲೊಂದು ಕೊರಕಲು ಇದೆ, ಕಡಿದು, ದನ ಇಳಿಯಲಾಗದು, ಅದಕ್ಕೇ ಮರ ಉಳಿದಿವೆ ಎಂದು. ಹೋಗದೆ ಇರಬಹುದಿತ್ತು. ಹೋದೆವು.

ಗಂಡು ಹಗಲೆಲ್ಲ ಎಲೆಯಡಿ ಮೊಟ್ಟೆ ಕಾಯುತ್ತ ಕೂತಿರುತ್ತದೆ. ನೀರಿನ ಮೇಲೆ ಬಾಗಿದ ಎಲೆಗಳನ್ನು ಒಂದೊಂದಾಗಿ ಮಗುಚುತ್ತ ಹೋದೆವು. ಇನ್ನೂರೋ ಮುನ್ನೂರೋ.

"ಡಾಕ್ಟ್ರೇ," ಎಂದ ಫೌಸ್ತೊ. ಅಷ್ಟೇ. ದನಿಯಲ್ಲೇ ಗೊತ್ತಾಯಿತು.

ಒಂದು ಗಂಡು. ಪಕ್ಕದಲ್ಲಿ ಇಪ್ಪತ್ತೆರಡು ಮೊಟ್ಟೆ. ಕೈಗೆ ತೆಗೆದುಕೊಂಡು ಆಕಾಶಕ್ಕೆ ಹಿಡಿದೆ. ಅದರ ಹೊಟ್ಟೆಯೊಳಗೆ ಹೃದಯ ಬಡಿಯುತ್ತಿತ್ತು. ತೊಡೆಯ ಮೂಳೆ ಹಸಿರು. ತೋಳಿನದೂ ಹಸಿರು. ಹಸಿ ಬಟಾಣಿಯ ಹಸಿರು. ಪಾಲ್ಮಿತಾಲ್‌ನಲ್ಲಿ ಹನ್ನೊಂದು ವರ್ಷದ ಹಿಂದೆ ಕಂಡದ್ದೇ.

ಫೌಸ್ತೊ ಹತ್ತಿರ ಬಂದು ಬಗ್ಗಿ ನೋಡಿದ. ಆಮೇಲೆ ಅವನೇ ಶುರು ಮಾಡಿದ.

"ನಾನೇನೂ ನೋಡಿಲ್ಲ ಡಾಕ್ಟ್ರೇ. ಎಲೆ ಮಗುಚ್ದೆ, ಖಾಲಿ ಇತ್ತು. ನೀವೂ ನೋಡಿಲ್ಲ."

"ಕೈಯಲ್ಲೇ ಇದೆಯಲ್ಲಪ್ಪ."

"ಬಿಟ್ರೆ ಇರಲ್ಲ." ಟೋಪಿ ತೆಗೆದು ಮುಖ ಒರೆಸಿಕೊಂಡ. "ಸೊಯ್ಲಾ ಅಮ್ಮನ ಮನೇಲಿ ಎಷ್ಟು ಸಲ ಉಂಡಿದೀವಿ ನಾವು? ಲೆಕ್ಕ ಇದೆಯಾ?"

"ಇಲ್ಲ."

"ನನಗೂ ಇಲ್ಲ. ಅದಕ್ಕೇ ಹೇಳ್ತಿರೋದು."

ಫೋಟೋ ತೆಗೆದೆ. ಡಿಎನ್‌ಎಗೆಂದು ಅದರ ಬಾಯೊಳಗೆ ಹತ್ತಿಕಡ್ಡಿ ಸವರಿ ಟ್ಯೂಬಿಗೆ ಹಾಕಿದೆ. ಅದೇ ಎಲೆಯ ಮೇಲೆ ಬಿಟ್ಟೆ, ಹೋಗಿ ಮೊಟ್ಟೆಯ ಪಕ್ಕ ಕೂತಿತು. ದಾರಿಯುದ್ದಕ್ಕೂ ಫೌಸ್ತೊ ರೇಡಿಯೋ ಹಾಕಲಿಲ್ಲ.

ಏಪ್ರಿಲ್ 9. ಕ್ವಿಟೊ

ಟ್ಯೂಬು ನಾಲ್ಕು ದಿನದಿಂದ ಮನೆಯ ಫ್ರಿಜ್ಜಿನಲ್ಲಿ, ಬೆಣ್ಣೆಯ ಪಕ್ಕ. ಯಾರೂ ಕೇಳಿಲ್ಲ. ಯಾರಿಗೂ ಗೊತ್ತಿಲ್ಲ, ಫೌಸ್ತೊ ಬಿಟ್ಟರೆ. ಅವನು ಬಾಯಿ ಬಿಡುವವನಲ್ಲ.

ಡಾಕ್ಟರ ಮೇಲೆ ಬಾರದ ಸಿಟ್ಟು ಈಗ ಬರುತ್ತಿದೆ. ಬಿಳಿ ಎಂದು ಬರೆಯಲು ಅವರಿಗೆ ಅರ್ಧ ನಿಮಿಷ ಸಾಕಾಯಿತು.

ಏಪ್ರಿಲ್ 10

ಟ್ಯೂಬು ಲ್ಯಾಬಿಗೆ ಕೊಟ್ಟು ಬಂದೆ. ಧೈರ್ಯ ಗಿರ್ಯ ಏನಲ್ಲ. ನಾನು ಹೋದ ಮೇಲೆ ಇನ್ನೊಬ್ಬಳು ಬಂದು ಈ ಕಪಾಟು ತೆರೆಯುತ್ತಾಳೆ, ನನ್ನ ಅಕ್ಷರವನ್ನು ನಂಬುತ್ತಾಳೆ. ಅದು ನೆನಪಾಗಿ ನಿದ್ದೆ ಬರಲಿಲ್ಲ.

ಏಪ್ರಿಲ್ 13, ಶನಿವಾರ. ಪಾಲ್ಮಿತಾಲ್

ಕೋರ್ಟಿನಲ್ಲಿ ಕೇಳುವ ಮೊದಲು ನನ್ನ ಬಾಯಿಂದಲೇ ಕೇಳಲಿ ಎಂದು ಬಂದೆ. ಬಸ್ ಸ್ಟಾಪಿನ ಗೋಡೆಯ ಮೇಲೆ ಶಾಲೆಯ ಮಕ್ಕಳು ಬರೆದ ಕಪ್ಪೆ, ಎಮ್ಮೆಯಷ್ಟು ದೊಡ್ಡದು. ತಲೆ ತಗ್ಗಿಸಿಕೊಂಡು ನಡೆದೆ.

ಸೊಯ್ಲಾ ಜಗಲಿಯಲ್ಲಿ ಬೀನ್ಸ್ ಕಾಳು ಬಿಡಿಸುತ್ತ ಕೂತಿದ್ದರು.

"ಹಬ್ಬ ಇಲ್ಲ, ಮೀಟಿಂಗಿಲ್ಲ. ಸುಮ್ನೆ ಬಂದೋರಲ್ಲ ನೀವು. ಹೇಳ್ಬಿಡಿ."

ಹೇಳಿದೆ. ಕಾರ್ಡು, ಹೊಳೆಯಲ್ಲಿ ಹೋದ ಪುಸ್ತಕ, ಎಲೆಯಡಿಯ ಗಂಡು. ಅವರ ಕೈ ನಿಲ್ಲಲಿಲ್ಲ.

"ಅಂದ್ರೆ ನಮ್ಮ ಕಪ್ಪೆ ಅಲ್ಲೂ ಇದೆ."

"ಇದೆ."

"ಎಷ್ಟಿದಾವೆ?"

"ನಾವು ನೋಡಿದ್ದು ಒಂದು."

"ಒಂದು," ಎಂದರು. ಸಿಪ್ಪೆ ಕೋಳಿಗಳತ್ತ ಎಸೆದರು. "ಒಂದಕ್ಕೆ ಇಷ್ಟು ದೂರ ಬಂದ್ರಾ."

ನಾನೂ ಒಂದು ಬೀನ್ಸ್ ಎತ್ತಿಕೊಂಡು ಬಿಡಿಸಿದೆ.

"ನೋಡಿ ಡಾಕ್ಟರಮ್ಮ. ನಾವು ಕಪ್ಪೆ ಕೇಳಿರ್ಲಿಲ್ಲ. ನಾವು ಹೊರಟಿದ್ದು ನೀರಿಗೆ. ನಲವತ್ತೊಂದು ಮನೆ ಕುಡಿಯೋ ನೀರು. ನೀರು ಅಂದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, ಕಪ್ಪೆ ಅನ್ನಿ ಅಂತ ಹೇಳಿದ್ದು ನಿಮ್ಮ ಕಡೆಯೋರೇ. ಆ ಲ್ಯಾಟಿನ್ ಹೆಸರು ನಾಲಿಗೆ ಮೇಲೆ ಬರೋಕೆ ನನಗೆ ಒಂದು ತಿಂಗಳು ಹಿಡೀತು. ಒಲೆ ಮುಂದೆ ಕೂತು ಕಲಿತೆ. ಜಡ್ಜ್ ಮುಂದೆ ಒಂದು ಚೂರೂ ತಡವರಿಸ್ದೆ ಹೇಳ್ದೆ. ಈಗ ಬಂದು ಕಪ್ಪೆ ವಾಪಸ್ ಕೊಡಿ ಅಂತೀರಿ."

"ತಪ್ಪು ನಂದು."

"ನಿಮ್ದೇ. ಅದನ್ನಿಟ್ಕೊಂಡು ನಾನೇನ್ ಮಾಡ್ಲಿ? ಕುಡಿಯೋಕಾಗತ್ತಾ?"

ಆಮೇಲೆ ದನಿ ತಗ್ಗಿಸಿದರು. "ತೀರ್ಪಾದ್ಮೇಲೆ ಹೇಳೋಕಾಗಲ್ವಾ? ಒಂದೇ ತಿಂಗಳು. ಕಪ್ಪೆಗಂತೂ ಅವಸರ ಇಲ್ಲ."

ಈ ಹೆಂಗಸು ಯಾರಿಗೂ ಕೈ ಮುಗಿದವರಲ್ಲ. ನನ್ನೆದುರು ದನಿ ತಗ್ಗಿಸಿದ್ದು ನೋಡಲಾಗಲಿಲ್ಲ.

"ಸುಳ್ಳು ಅಂತ ಆಮೇಲೆ ಗೊತ್ತಾದ್ರೆ, ನಿಮ್ಮ ಬೇರೆ ಮಾತನ್ನೂ ಯಾರೂ ನಂಬಲ್ಲ ದೊನ್ಯಾ ಸೊಯ್ಲಾ," ಎಂದೆ. ಅದು ನಿಜ. ಆದರೆ ಕಾರಣ ಅದಲ್ಲ. ಇಲ್ಲದ್ದನ್ನು ಇದೆ ಎಂದು ಬರೆಯಲು, ಇದ್ದದ್ದನ್ನು ಇಲ್ಲ ಎಂದು ಬರೆಯಲು ನನ್ನ ಕೈ ಬಾರದು. ಅಷ್ಟೇ. ಅದಕ್ಕೆ ಇಡೀ ಊರು ಬೆಲೆ ತೆರಬೇಕು.

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಉಂಡು ಹೋಗಿ ಅನ್ನಲಿಲ್ಲ.

ಏಪ್ರಿಲ್ 19

ಲ್ಯಾಬಿನಿಂದ ಬಂತು. ವೆರ್ದೋಸೊ ಕಪ್ಪೆಯ ಡಿಎನ್‌ಎಗೂ ಇದಕ್ಕೂ ವ್ಯತ್ಯಾಸ ಅರ್ಧ ಪರ್ಸೆಂಟಿಗೂ ಕಡಿಮೆ. ಒಂದೇ ಜಾತಿ.

ಕರೆಂಟ್ ಇಲ್ಲ. ಈ ವಾರವೆಲ್ಲ ಹೀಗೇ, ದಿನಕ್ಕೆ ಐದು ಗಂಟೆ ಕಟ್. ರಿಪೋರ್ಟನ್ನು ಕಿಟಕಿಯ ಪಕ್ಕ ಕೂತು ಕೈಯಲ್ಲೇ ಬರೆದೆ. ಗ್ವಾದುವಾಲ್‌ನಲ್ಲಿ ನಾಲ್ಕು ದಿನಕ್ಕೆ ಸಿಕ್ಕಿದ್ದು ಒಂದು, ಅಲ್ಲಿ ಕಾಡು ಉಳಿದಿಲ್ಲ, ಈ ಜಾತಿ ನಿಜವಾಗಿ ಬದುಕಿರುವುದು ವೆರ್ದೋಸೊದಲ್ಲೇ — ಇದನ್ನೂ ಬರೆದೆ. ಮೂರು ಸಲ ಬರೆದೆ, ಬೇರೆ ಬೇರೆ ಮಾತಿನಲ್ಲಿ.

ಏಪ್ರಿಲ್ 24. ಇಬಾರ್ರಾ, ಕೋರ್ಟಿನ ಹೊರಗೆ

ಮುಗಿಯಿತು. ಇಪ್ಪತ್ತು ನಿಮಿಷ.

ಕಂಪನಿಯ ವಕೀಲ ಚಿಕ್ಕ ವಯಸ್ಸಿನವನು, ಬಹಳ ಮರ್ಯಾದಸ್ಥ. "ಡಾಕ್ಟರ್, ಒಂದೇ ಮಾತಲ್ಲಿ ಹೇಳಿ. ಎರಡೂ ಒಂದೇ ಜಾತೀನಾ?"

"ಹೌದು, ಆದ್ರೆ ಗ್ವಾದುವಾಲ್‌ನಲ್ಲಿ..."

"ಆಗ್ಲಿ, ಸಾಕು. ಥ್ಯಾಂಕ್ಸ್."

ಉಳಿದದ್ದು ರಿಪೋರ್ಟಿನಲ್ಲಿದೆ ಎಂದೆ. ಜಡ್ಜ್ ಓದುತ್ತೇನೆ ಎಂದರು. ಓದಬಹುದು.

ಪಾಲ್ಮಿತಾಲ್‌ನವರು ಎರಡು ಬೆಂಚು ತುಂಬ ಇದ್ದರು. ಒಬ್ಬರೂ ಈ ಕಡೆ ತಿರುಗಲಿಲ್ಲ. ಸೊಯ್ಲಾ ಒಳ್ಳೆಯ ಶಾಲು ಹೊದ್ದು ಬಂದಿದ್ದರು. ನನ್ನ ಮಾತು ಮುಗಿದಾಗ ಅದನ್ನು ತೆಗೆದು ಮಡಚಿ ಚೀಲದಲ್ಲಿಟ್ಟರು.

ಮೇ 9, ಗುರುವಾರ

ತಡೆಯಾಜ್ಞೆ ತೆರವು. 'ಸದರಿ ಜಾತಿಯು ಸದರಿ ಸ್ಥಳಕ್ಕೆ ಸೀಮಿತವಲ್ಲವೆಂದು ಮ್ಯೂಸಿಯಂನ ತಜ್ಞರೇ ದೃಢಪಡಿಸಿರುವುದರಿಂದ...' ನನ್ನ ರಿಪೋರ್ಟಿನ ಉಳಿದ ಮೂರು ಪುಟದ ಬಗ್ಗೆ ಒಂದು ಸಾಲೂ ಇಲ್ಲ. ವಕೀಲರು ಮೇಲ್ಮನವಿ ಎನ್ನುತ್ತಿದ್ದಾರೆ. ಅದಕ್ಕೆ ತಿಂಗಳುಗಳು ಬೇಕು.

ಡೈರೆಕ್ಟರ್ ಹೆಗಲು ತಟ್ಟಿದರು. "ಪ್ರಾಮಾಣಿಕ ಕೆಲಸ." ಕೈ ಕಿತ್ತು ಎಸೆಯುವಷ್ಟು ಸಿಟ್ಟು ಬಂತು.

ಮೇ 11

ಹೆಸರು ತೆಗೆಯುವ ಪೇಪರ್ ಬರೆಯುತ್ತಿದ್ದೇನೆ. ಹಳೆಯ ಹೆಸರೇ ಉಳಿಯುತ್ತದೆ, ನಾನಿಟ್ಟದ್ದು ಹೋಗುತ್ತದೆ, ಅದು ನಮ್ಮ ಕಸುಬಿನ ನಿಯಮ. ನಾಲ್ಕು ಸಾಲು. ಎರಡು ದಿನವಾದರೂ ಮುಗಿದಿಲ್ಲ. ಸೊಯ್ಲಾ ಅವರಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ.

ಮೇ 13, ಸೋಮವಾರ. ಬೆಳಿಗ್ಗೆ 10.40

ಸೊಯ್ಲಾ ಫೋನು. ಹಲೋ ಇಲ್ಲ, ಏನಿಲ್ಲ.

"ಗಣಿಯೋರ ಯಂತ್ರ ಬಂದಿವೆ. ಮೂರು. ಸೇತುವೆ ಆಚೆ ನಿಂತಿವೆ, ನಾವು ಈಚೆ ಅಡ್ಡ ಕೂತಿದೀವಿ. ಮಿಂಗಾ ಕರೆದಿದೀನಿ. ರಸ್ತೆ ಕಡಿಯೋಕೆ, ಕಾಲುವೆ ತೋಡೋಕೆ ಕರೀತೀವಲ್ಲ, ಹಾಗೇನೇ. ಮನೆಗೊಬ್ರು ಬರ್ಲೇಬೇಕು. ಬರ್ದೋರಿಗೆ ದಂಡ."

"ದೊನ್ಯಾ ಸೊಯ್ಲಾ, ಅವತ್ತು ಕೋರ್ಟಲ್ಲಿ ನಾನು..."

"ಅದರ ಜಗಳ ಆಮೇಲೆ ಆಡೋಣ. ನನಗೇನೂ ಕಮ್ಮಿ ಆಗಿಲ್ಲ ಸಿಟ್ಟು. ಪಟ್ಟೀಲಿ ನಿಮ್ಮ ಹೆಸರು ಬರೆದಿದೀನಿ. ನಲವತ್ತೆರಡನೇ ಮನೆ."

"ಊರಲ್ಲಿರೋದು ನಲವತ್ತೊಂದು."

"ಗೊತ್ತು. ಎಣಿಸೋಕೆ ನನಗೂ ಬರುತ್ತೆ."

"ನಾನು ಬಂದು ಏನ್ಮಾಡ್ಲಿ? ನನ್ಹತ್ರ ಈಗ ಕಪ್ಪೇನೂ ಇಲ್ಲ."

"ಕಪ್ಪೆ ಯಾರಿಗೆ ಬೇಕು. ಚಾಪೆ ತನ್ನಿ. ಸಿಮೆಂಟು ಥಂಡಿ ಹೊಡೆಯುತ್ತೆ."

ಇಟ್ಟುಬಿಟ್ಟರು.

ಜಾರ್‌ಗಳ ಮುಂದೆ ಕೂತು ಅತ್ತೆ, ಬಹಳ ಹೊತ್ತು. ಮೂಗು ಒರೆಸಿಕೊಂಡು ರಜೆ ಅರ್ಜಿ ಬರೆದು ಡೈರೆಕ್ಟರ ಮೇಜಿನ ಮೇಲಿಟ್ಟೆ. ಎಷ್ಟು ದಿನ ಎಂದು ಬರೆದಿಲ್ಲ. ಆ ನಾಲ್ಕು ಸಾಲೂ ಬರೆದು ಮುಗಿಸಿದೆ, ಕಳಿಸಿಯೂ ಆಯಿತು. ಈಗ ಮನೆಗೆ ಬಂದಿದ್ದೇನೆ, ಫೌಸ್ತೊ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ — ಮ್ಯೂಸಿಯಂ ಗಾಡಿ ಅಲ್ಲ, ಅವನ ಭಾವನದು. ಪಟ್ಟಿಯಲ್ಲಿ ಅವನ ಹೆಸರು ಯಾಕಿಲ್ಲ ಎಂದು ಅವನಿಗೆ ಬೇಜಾರು. ನಲವತ್ಮೂರನೇ ಮನೆ ನೀನೇ ಆಗು ಮಾರಾಯ ಎಂದೆ. ಹೋಗಿ ಸೇರಲು ನಾಲ್ಕು ಗಂಟೆ. ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದೇನೆ. ಮಾತ್ರೆ, ಟಾರ್ಚು, ಸ್ವೆಟರ್ ತೆಗೆದುಕೊಂಡೆ. ಚಾಪೆ ಎಲ್ಲಿ?